ಆಟ ಹೊರಗೆ ಬಂತು, ನಕಾಮುರಾ ಅವರಿಗೂ ಒಂದು ಥ್ಯಾಂಕ್ಸ್

ಕಳೆದ ವಾರ ನಮ್ಮ ಕನ್ನಡ ವಿಡಿಯೋ ಗೇಮ್, ಗುಹೆಯೊಳಗೆ ಇಳಿಯುವ ಆಟ, ಕೊನೆಗೂ ಹೊರಗೆ ಬಂತು. ಆಡಿದವರಿಗೆ, ಬಗ್ ಹಿಡಿದು ಸ್ಕ್ರೀನ್‌ಶಾಟ್ ಕಳಿಸಿದವರಿಗೆ, "ಕನ್ನಡದಲ್ಲಿ ಗೇಮ್ ಯಾರು ಆಡ್ತಾರೆ" ಅಂತ ಕೇಳಿ ಆಮೇಲೆ ತಾವೇ ಅರ್ಧರಾತ್ರಿವರೆಗೂ ಕೂತು ಆಡಿದವರಿಗೆ, ಎಲ್ಲರಿಗೂ ಥ್ಯಾಂಕ್ಸ್. ಚಿತ್ರ ಬರೆದ ಗೆಳತಿಗೆ ಫೋನಿನಲ್ಲೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಸಂಬಳ ಇಲ್ಲದ ತಿಂಗಳುಗಳಲ್ಲಿ ಮನೆ ಬಾಡಿಗೆ ಕಟ್ಟಿದ ಅಕ್ಕನಿಗೆ ಏನು ಹೇಳಿದರೂ ಕಮ್ಮಿಯೇ. ಅವಳು ಇದನ್ನು ಓದುವುದೂ ಇಲ್ಲ, ಇಂಥದ್ದೆಲ್ಲ ಅವಳಿಗೆ ಮುಜುಗರ.

ಇನ್ನೊಬ್ಬರಿದ್ದಾರೆ. ಅವರಿಗೆ ನಾನು ಯಾರಂತ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಜಪಾನಿನ ಕೊಯಿಚಿ ನಕಾಮುರಾ. ಡ್ರ್ಯಾಗನ್ ಕ್ವೆಸ್ಟ್ ಅನ್ನುವ ಜಪಾನಿನ ಹೆಸರಾಂತ ವಿಡಿಯೋ ಗೇಮ್ ಸರಣಿಯ ಮೊದಲ ಭಾಗಗಳಿಗೆ ಕೋಡ್ ಬರೆದವರು. ಆ ಹೆಸರು ಅಂದ ಕೂಡಲೇ ಕಥೆ ಬರೆದ ಯೂಜಿ ಹೋರಿಯಿ, ಚಿತ್ರದ ಅಕಿರಾ ತೊರಿಯಾಮಾ, ಸಂಗೀತದ ಕೊಯಿಚಿ ಸುಗಿಯಾಮಾ ನೆನಪಾಗುತ್ತಾರೆ. ಕೋಡ್ ಬರೆದವನ ಹೆಸರು ಯಾರಿಗೆ ಬೇಕು, ಅಲ್ವಾ? ನನಗೆ ಬೇಕಿತ್ತು.

ಕಗಾವಾ ಪ್ರಾಂತ್ಯದ ಹುಡುಗ. ಹೈಸ್ಕೂಲಿನಲ್ಲಿರುವಾಗಲೇ ಕಂಪ್ಯೂಟರ್ ಪತ್ರಿಕೆಗೆ ಪ್ರೋಗ್ರಾಂ ಬರೆದು ಕಳಿಸುತ್ತಿದ್ದವರು. ಗೇಮ್ ಪ್ರಕಟಿಸುವ ಎನಿಕ್ಸ್ ಕಂಪನಿಯ ಸ್ಪರ್ಧೆಗೆ 'ಡೋರ್ ಡೋರ್' ಅನ್ನುವ ಆಟ ಕಳಿಸಿ ಬಹುಮಾನ ಗೆದ್ದರು, ಅದೇ ಸ್ಪರ್ಧೆಯಲ್ಲಿ ಹೋರಿಯಿ ಕೂಡ ಗೆದ್ದಿದ್ದರು. 1984ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ ಚುನ್‌ಸಾಫ್ಟ್ ಅನ್ನುವ ತಮ್ಮ ಗೇಮ್ ಕಂಪನಿ ಶುರುಮಾಡಿದರು. 1986ರ ಮೇ 27ಕ್ಕೆ ಮೊದಲ ಡ್ರ್ಯಾಗನ್ ಕ್ವೆಸ್ಟ್ ಫ್ಯಾಮಿಕಾಮ್‌ಗೆ (ಟಿವಿಗೆ ಜೋಡಿಸಿ ಆಡುವ ನಿಂಟೆಂಡೋ ಯಂತ್ರ) ಬಂದಾಗ ಅವರಿಗೆ 21 ವರ್ಷ.

ಇಡೀ ಆಟ 64 ಕಿಲೋಬೈಟ್. ವಾಟ್ಸ್ಆ್ಯಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ ಊರು, ಗುಹೆ, ರಾಕ್ಷಸರು, ಸಂಗೀತ, ಮಾತು ಎಲ್ಲ ಹಿಡಿಸಬೇಕು. ಅಕ್ಷರಕ್ಕೂ ಜಾಗ ಸಾಲದೆ ಜಪಾನಿ ಭಾಷೆಯ ಲಿಪಿಗಳಲ್ಲೊಂದಾದ ಕತಕಾನದಲ್ಲಿ ಸುಮಾರು 20 ಅಕ್ಷರ ಮಾತ್ರ ಇಟ್ಟುಕೊಂಡು, ಬರುವ ಹೆಸರುಗಳನ್ನೆಲ್ಲ ಅದರಲ್ಲೇ ಹೊಂದಿಸಿದರು. ನಾಯಕ ಯಾವ ಕಡೆಗೆ ನಡೆದರೂ ಮುಖ ಮಾತ್ರ ನಮ್ಮ ಕಡೆಗೇ, ಯಾಕೆಂದರೆ ಪಕ್ಕದ, ಹಿಂದಿನ ಚಿತ್ರಗಳಿಗೆ ಜಾಗವಿಲ್ಲ. ನಮ್ಮ ಆಟದಲ್ಲಿ ಒತ್ತಕ್ಷರ ತನಗಿಟ್ಟ ಚೌಕದೊಳಗೆ ಕೂರದೆ ಕೆಳಗಿನ ಸಾಲಿಗೆ ಇಳಿದು ಸತಾಯಿಸುತ್ತಿದ್ದಾಗ ನೆನಪಾಗಿದ್ದು ಇದೇ. ಕೊನೆಗೆ ನಾವೂ ಅದೇ ದಾರಿ ಹಿಡಿದೆವು: ಆಟದಲ್ಲಿ ನಿಜಕ್ಕೂ ಬಳಸುವ ಒತ್ತಕ್ಷರಗಳನ್ನು ಮಾತ್ರ ಪಟ್ಟಿ ಮಾಡಿ, ಅಷ್ಟನ್ನೇ ಒಂದೊಂದಾಗಿ ಚಿತ್ರ ಬಿಡಿಸಿದೆವು. ಕೆಲವು ರಾಕ್ಷಸರ ಹೆಸರು ಒತ್ತಕ್ಷರ ಇಲ್ಲದ್ದಾಗಿ ಬದಲಾಯಿತು, ಯಾರೂ ಗಮನಿಸಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಅವರ ಪಾಸ್‌ವರ್ಡ್. ಆಟ ತುಂಬಿದ ಆ ಡಬ್ಬಿಯಲ್ಲಿ, ಅಂದರೆ ಕಾರ್ಟ್ರಿಜ್‌ನಲ್ಲಿ, ಸೇವ್ ಮಾಡಲು ಬ್ಯಾಟರಿ ಇರಲಿಲ್ಲ. ಅದಕ್ಕೆ ಆಟದೊಳಗಿನ ರಾಜ 20 ಅಕ್ಷರದ ಒಂದು ಮಂತ್ರ ಹೇಳುತ್ತಾನೆ, ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಮುಂದಿನ ಸಲ ಅದನ್ನೇ ಹಾಕಿ ಆಟ ಮುಂದುವರಿಸುತ್ತಿದ್ದರು. ಬಳಸಿದ್ದು 64 ಅಕ್ಷರ, ಅಂದರೆ ಒಂದಕ್ಕೆ 6 ಬಿಟ್ (ಒಂದು ಬಿಟ್ ಅಂದರೆ ಒಂದು 0 ಅಥವಾ 1), ಒಟ್ಟು 120 ಬಿಟ್. ನಾಯಕ ಗಳಿಸಿದ ಅನುಭವದ ಅಂಕ 16 ಬಿಟ್, ದುಡ್ಡು 16 ಬಿಟ್, ನಾಲ್ಕಕ್ಷರದ ಹೆಸರು 24 ಬಿಟ್, ಉಳಿದಿದ್ದರಲ್ಲಿ ಸಾಮಾನು, ಕೀಲಿಕೈ, ಜೊತೆಗೆ ತಪ್ಪು ಹಿಡಿಯಲು ಒಂದು ಚೆಕ್‌ಸಮ್. ಒಂದಕ್ಷರ ತಪ್ಪಾಗಿ ಬರೆದುಕೊಂಡರೆ ಮುಗಿಯಿತು. ಎರಡನೇ ಭಾಗದಲ್ಲಿ ಮೂವರು ನಾಯಕರು, ಮಂತ್ರ 52 ಅಕ್ಷರದವರೆಗೂ ಬೆಳೆಯಿತು, ಪಾಪ ಆ ಮಕ್ಕಳು! ಮೂರನೆಯದಕ್ಕೆ ಬ್ಯಾಟರಿ ಬಂತು. ಆದರೆ ಜಾಗ ಮತ್ತೆ ಸಾಲದೆ ಶುರುವಿನ ಟೈಟಲ್ ಚಿತ್ರವನ್ನೇ ತೆಗೆದುಹಾಕಿದರು, ಕಪ್ಪು ಪರದೆ ಮೇಲೆ ಬರೀ ಅಕ್ಷರ. 1988ರ ಫೆಬ್ರವರಿ 10ರಂದು ಆ ಆಟಕ್ಕಾಗಿ ಜಪಾನಿನ ಅಂಗಡಿಗಳ ಮುಂದೆ ಕ್ಯೂ ನಿಂತಿತ್ತು.

ಇಷ್ಟೆಲ್ಲ ನಡೆಯುತ್ತಿರುವಾಗಲೇ ಮನುಷ್ಯ ಬಿಟ್ಟು ಹೊರಟರು ನೋಡಿ. 1992ರ ಐದನೇ ಭಾಗ ಮುಗಿದ ಮೇಲೆ ಚುನ್‌ಸಾಫ್ಟ್ ಆ ಸರಣಿಯಿಂದ ಹೊರಗೆ ಬಂತು. ಜಪಾನಿನಲ್ಲಿ ಅದಕ್ಕಿಂತ ಗ್ಯಾರಂಟಿ ಗಿರಾಕಿ ಇದ್ದ ಆಟ ಇನ್ನೊಂದಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಆಮೇಲೆ ಮಾಡಿದ್ದೇನು? 1993ರಲ್ಲಿ, ನಾಲ್ಕನೇ ಭಾಗದಲ್ಲಿದ್ದ ಹೊಟ್ಟೆ ಬಂದ ವ್ಯಾಪಾರಿ ತೊರ್ನೆಕೋನನ್ನು ಹೊಸದೊಂದು ಆಟದಲ್ಲಿ ಗುಹೆಗೆ ಇಳಿಸಿದರು. 1995ರಲ್ಲಿ ತಮ್ಮದೇ ನಾಯಕ ಶಿರೆನ್, ಅವನ ಹೆಸರಿನದೇ ಆಟ. ಹೋದಾಗಲೆಲ್ಲ ಗುಹೆ ಬೇರೆ ಆಕಾರ. ನೀವು ಒಂದು ಹೆಜ್ಜೆ ಇಟ್ಟರೆ ರಾಕ್ಷಸನೂ ಒಂದು ಹೆಜ್ಜೆ, ನೀವು ಯೋಚನೆ ಮಾಡುತ್ತಾ ನಿಂತರೆ ಅವನೂ ನಿಲ್ಲುತ್ತಾನೆ. ಹೊಟ್ಟೆ ಹಸಿಯುತ್ತದೆ, ಅನ್ನದ ಉಂಡೆ ಹುಡುಕಿ ತಿನ್ನಬೇಕು. ಸತ್ತರೆ ಕೈಯಲ್ಲಿದ್ದದ್ದೆಲ್ಲ ಹೋಯಿತು, ಮತ್ತೆ ಲೆವೆಲ್ 1. ಆದರೆ ಊರಿನ ಉಗ್ರಾಣದಲ್ಲಿ ಇಟ್ಟದ್ದು ಹಾಗೇ ಇರುತ್ತದೆ, ಗೇಮ್ ಆಡುವವನ ತಲೆಯಲ್ಲಿ ಕಲಿತದ್ದೂ ಇರುತ್ತದೆ.

ಕೆಲಸ ಬಿಟ್ಟ ಹೊಸದರಲ್ಲಿ ನಾನು ಆಡುತ್ತಿದ್ದದ್ದು ಶಿರೆನ್. ಸಂಜೆ ಹೊತ್ತು ಸಂದರ್ಶನದ ಮೇಲ್‌ಗಳಿಗೆ ಉತ್ತರ ಬರೆಯದೆ, ಯಾವ ಮಹಡಿಯಲ್ಲಿ ಯಾವ ಸುರುಳಿ ಓದಬೇಕಿತ್ತು ಅಂತ ಲೆಕ್ಕ ಹಾಕುತ್ತಾ ಕೂತಿರುತ್ತಿದ್ದೆ. ಸೋತಾಗಲೆಲ್ಲ ತಪ್ಪು ಎಲ್ಲಾಯಿತು ಅಂತ ನನಗೆ ಸರಿಯಾಗಿ ಗೊತ್ತಾಗುತ್ತಿತ್ತು, ಆಟ ಮೋಸ ಮಾಡಿತು ಅನ್ನಿಸಿದ್ದು ಕಮ್ಮಿ. ಇಂಥದ್ದೊಂದು ನಾನೂ ಮಾಡಬೇಕು ಅನ್ನಿಸಿದ್ದು ಅಲ್ಲೇ.

ನಕಾಮುರಾ ಅವರೇ, ನಮಸ್ಕಾರ, ತುಂಬಾ ಥ್ಯಾಂಕ್ಸ್. ನೀವು ಡ್ರ್ಯಾಗನ್ ಕ್ವೆಸ್ಟ್ ಮಾಡಿಕೊಂಡೇ ಇದ್ದಿದ್ದರೆ ನಮ್ಮ ಗುಹೆ ಇರುತ್ತಿರಲಿಲ್ಲ.

ಉಳಿದವರಿಗೆ: ಆರನೇ ಮಹಡಿಯಲ್ಲಿ ಕೆಳಗಿಳಿಯುವ ಮೆಟ್ಟಿಲೇ ಕಾಣದ ತೊಂದರೆ ನಾಳೆಯ ಅಪ್‌ಡೇಟ್‌ನಲ್ಲಿ ಸರಿಯಾಗುತ್ತದೆ. ಅಲ್ಲಿವರೆಗೆ ಸುಮ್ನೆ ಐದನೇ ಮಹಡಿಗೆ ಹತ್ತಿ ಮತ್ತೆ ಇಳಿಯಿರಿ.