ಈ ಚಳಿಗಾಲದಿಂದ ರಾತ್ರಿಗೆ ಒಂದೇ ನಡಿಗೆ: ಅಬಿಸ್ಕೊದಿಂದ ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ಸ್ವೀಡನ್ನಿನ ಉತ್ತರ ತುದಿಯಿಂದ ನಮಸ್ಕಾರ. ಈ ಚಳಿಗಾಲಕ್ಕೆ ಈಗಾಗಲೇ ಬುಕ್ ಮಾಡಿರುವವರಿಗೂ, ಬರೋಣ ಅಂತ ವಿಚಾರಿಸಿದವರಿಗೂ ಒಂದು ಬದಲಾವಣೆ ತಿಳಿಸಬೇಕಿದೆ. ವಿಷಯ ಮೊದಲು ಹೇಳಿಬಿಡುತ್ತೇವೆ, ಕಾರಣ ಆಮೇಲೆ.

ಇಷ್ಟು ದಿನ ಅರೋರಾ, ಅಂದರೆ ಇಲ್ಲಿನ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ನೋಡಲು ರಾತ್ರಿಗೆ ಎರಡು ಸ್ನೋಶೂ ನಡಿಗೆ ಇರುತ್ತಿತ್ತು. ಸ್ನೋಶೂ ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟಿಕೊಳ್ಳುವ ಅಗಲ ಚೌಕಟ್ಟು. ಸಂಜೆ 6ಕ್ಕೆ ಒಂದು, 9ಕ್ಕೆ ಇನ್ನೊಂದು. ಒಂದೊಂದೂ ಎರಡು ಗಂಟೆಯದ್ದು, ಒಂದೊಂದರಲ್ಲೂ ಹನ್ನೆರಡು ಜನ. ಡಿಸೆಂಬರಿನಿಂದ ಇವೆರಡೂ ನಿಲ್ಲುತ್ತವೆ. ಬದಲಿಗೆ ರಾತ್ರಿ 8ಕ್ಕೆ ಹೊರಟು 12.30ಕ್ಕೆ ವಾಪಸಾಗುವ ಒಂದೇ ನಡಿಗೆ ಇರುತ್ತದೆ. ಒಬ್ಬ ಗೈಡ್ ಜೊತೆ ಎಂಟೇ ಜನ. ಅಂಥ ಎರಡು ತಂಡಗಳು ಬೇರೆ ಬೇರೆ ದಾರಿಯಲ್ಲಿ ಹೋಗುತ್ತವೆ. ದರ ತಲೆಗೆ 1,100 ಕ್ರೋನಾ ಇದ್ದದ್ದು 1,500 ಆಗುತ್ತದೆ.

ದರ ಜಾಸ್ತಿಯಾಯಿತು, ನಿಜ. ಬೆಂಗಳೂರಿಂದಲೋ ಮೈಸೂರಿಂದಲೋ ವಿಮಾನ ಹತ್ತಿ, ಸ್ಟಾಕ್‌ಹೋಮಿನಿಂದ ರಾತ್ರಿ ರೈಲು ಹಿಡಿದು ಇಲ್ಲಿಗೆ ಬರುವವರಿಗೆ ಖರ್ಚು ಮೊದಲೇ ಎಷ್ಟಾಗಿರುತ್ತದೆ ಅಂತ ನಮಗೆ ಗೊತ್ತು. ಹಾಗಾಗಿ ಯಾಕೆ ಹೀಗೆ ಮಾಡಿದೆವು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕಾರಣ ಅರೋರಾ ಬರುವ ರೀತಿಯಲ್ಲೇ ಇದೆ. ಫೋಟೋ ನೋಡಿದವರಿಗೆ ಅದು ಇಡೀ ರಾತ್ರಿ ಆಕಾಶದಲ್ಲಿ ಹಸಿರಾಗಿ ಹರಡಿಕೊಂಡೇ ಇರುತ್ತದೆ ಅನ್ನಿಸುತ್ತದೆ. ಹಾಗಿರುವುದಿಲ್ಲ. ಸೂರ್ಯನಿಂದ ಹೊರಟ ಕಣಗಳ ಗಾಳಿ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬಂದು ಭೂಮಿಯ ಕಾಂತಕ್ಷೇತ್ರಕ್ಕೆ ಬಡಿಯುತ್ತಲೇ ಇರುತ್ತದೆ. ಅದರ ಶಕ್ತಿ ಭೂಮಿಯ ಕತ್ತಲ ಬದಿಯಲ್ಲಿ, ಉದ್ದಕ್ಕೆ ಚಾಚಿಕೊಂಡ ಕಾಂತಕ್ಷೇತ್ರದಲ್ಲಿ ನಿಧಾನವಾಗಿ ಕೂಡಿಕೊಳ್ಳುತ್ತಾ ಹೋಗುತ್ತದೆ. ತಡೆಯಲಾರದಷ್ಟು ಕೂಡಿದ ಮೇಲೆ ಒಮ್ಮೆಲೇ ಬಿಡುಗಡೆಯಾಗುತ್ತದೆ, ಅರೋರಾ ಜೋರಾಗುವುದು ಆಗಲೇ. ಇದಕ್ಕೆ ಸಬ್‌ಸ್ಟಾರ್ಮ್ ಅನ್ನುತ್ತಾರೆ. ಸ್ಯುನ್-ಇಚಿ ಅಕಾಸೊಫು ಎಂಬ ವಿಜ್ಞಾನಿ 1964ರಲ್ಲೇ ಇದರ ಹಂತಗಳನ್ನು ಒಂದೊಂದಾಗಿ ವಿವರಿಸಿದ್ದರು.

ಇಲ್ಲಿ ನಿಂತು ನೋಡುವವರಿಗೆ ಅದು ಕಾಣುವುದು ಹೀಗೆ. ಮೊದಲು ಉತ್ತರಕ್ಕೆ, ಟೊರ್ನೆಟ್ರಾಸ್ಕ್ ಕೆರೆಯ ಆಚೆಯ ಬೆಟ್ಟಗಳ ಮೇಲೆ, ಒಂದು ಮಂಕು ಕಮಾನು ಮೂಡುತ್ತದೆ. ಬೂದು ಬಣ್ಣ. ತೆಳು ಮೋಡ ಅಂತಲೇ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಅದು ಹಾಗೇ ಇರುತ್ತದೆ. ನಡುವೆ ನಿಧಾನವಾಗಿ ದಕ್ಷಿಣಕ್ಕೆ, ಅಂದರೆ ನಮ್ಮ ತಲೆಯ ಕಡೆಗೆ, ಸರಿಯುತ್ತದೆ. ಹಸಿರು ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತದೆ. ಆಮೇಲೆ ಕಮಾನಿನ ಒಂದು ಕಡೆ ಹೊಳಪು ಏರಿ, ಅದು ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು, ನೋಡನೋಡುತ್ತಿದ್ದಂತೆ ಆಕಾಶದ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಕೆಳ ಅಂಚಿನಲ್ಲಿ ಗುಲಾಬಿ ಬಣ್ಣ ಮಿಂಚುವುದು ಇದೇ ಹೊತ್ತಿಗೆ. ಈ ಜೋರು ಹತ್ತು ನಿಮಿಷವೂ ಇರಬಹುದು, ಅರ್ಧ ಗಂಟೆಯೂ ಇರಬಹುದು. ಕೊನೆಗೆ ಎಲ್ಲ ಚದುರಿ, ಆಕಾಶದ ತುಂಬ ಮಿಣುಕುವ ಮಂಕು ತೇಪೆಗಳಷ್ಟೇ ಉಳಿಯುತ್ತವೆ.

ಚುರುಕಾದ ರಾತ್ರಿಯಲ್ಲಿ ಇದು ಎರಡು ಮೂರು ಗಂಟೆಗೊಮ್ಮೆ ನಡೆಯುತ್ತದೆ. ಈಗ ಲೆಕ್ಕ ಹಾಕಿ. ಎರಡು ಗಂಟೆಯ ನಡಿಗೆಯಲ್ಲಿ ಬಟ್ಟೆ, ಬೂಟು, ಸ್ನೋಶೂ ಹಾಕಿಕೊಳ್ಳಲು ಅರ್ಧ ಗಂಟೆ. ಹೋಗಲು ಬರಲು ಒಂದು ಗಂಟೆ. ನಿಂತು ಆಕಾಶ ನೋಡಲು ಉಳಿಯುವುದು ಬರೀ ಅರ್ಧ ಗಂಟೆ. ಕಮಾನು ಇನ್ನೂ ಮಂಕಾಗಿರುವಾಗಲೇ ಗೈಡ್ ಗಡಿಯಾರ ನೋಡಿ ತಿರುಗಿ ಹೊರಡಬೇಕು. 6ರ ತಂಡ ವಾಪಸ್ ಬಂದು ಕೋಣೆಯಲ್ಲಿ ಕೂತಿರುವಾಗ ಹೊರಗೆ ಆಕಾಶ ಬಿಚ್ಚಿಕೊಳ್ಳುವುದು ತುಂಬಾ ಸಲ ಆಗುತ್ತದೆ. ದೊಡ್ಡ ಸಬ್‌ಸ್ಟಾರ್ಮ್‌ಗಳಿಗೆ ಇಲ್ಲಿ ಒಳ್ಳೆಯ ಹೊತ್ತೆಂದರೆ ರಾತ್ರಿ 10ರ ನಂತರ, ನಡುರಾತ್ರಿಯ ಆಸುಪಾಸು. ಅಷ್ಟು ದೂರದಿಂದ ಬಂದವರನ್ನು ಆ ಹೊತ್ತಿಗೆ ಸರಿಯಾಗಿ ಹೊರಗೆ ನಿಲ್ಲಿಸಬೇಕು. ಕಾಯುವುದಕ್ಕೆ ಸಮಯ ಕೊಡಬೇಕು. ಹೊಸ ನಡಿಗೆಯಲ್ಲಿ ನಡೆಯುವ ದೂರ ಮೊದಲಿನಷ್ಟೇ, ಹೋಗಿ ಬರಲು ಸುಮಾರು ಮೂರು ಕಿ.ಮೀ. ಹೆಚ್ಚಿದ ಸಮಯವೆಲ್ಲ ಕಾಯುವುದಕ್ಕೇ.

ಇನ್ನು, "ಮೋಡ ಇದ್ದರೆ ವ್ಯಾನಿನಲ್ಲಿ ಬೇರೆ ಕಡೆ ಕರೆದುಕೊಂಡು ಹೋಗ್ತೀರಾ?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಮೊದಲೂ ಹೋಗುತ್ತಿರಲಿಲ್ಲ, ಇನ್ನೂ ಹೋಗುವುದಿಲ್ಲ. ಹಿಮಗಟ್ಟಿದ ರಸ್ತೆಯಲ್ಲಿ ನಡುರಾತ್ರಿ ನೂರಾರು ಕಿ.ಮೀ. ಓಡಿಸುವುದು ನಮಗೆ ಸರಿ ಕಾಣುವುದಿಲ್ಲ. ಅದರ ಅಗತ್ಯವೂ ಇಲ್ಲಿ ಕಡಿಮೆ. ಪಶ್ಚಿಮ ಘಟ್ಟದ ಆಗುಂಬೆಯಲ್ಲಿ ಮಳೆ ಸುರಿದು, ಮೋಡ ಬರಿದಾಗಿ, ಚಳ್ಳಕೆರೆ ಕಡೆ ಒಣಗಿರುತ್ತದೆ ಅಲ್ವಾ? ಇಲ್ಲೂ ಅದೇ ಆಟ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡ ನಾರ್ವೆಯ ಬೆಟ್ಟಗಳ ಮೇಲೆ ಹಿಮ ಸುರಿಸಿ ಹಗುರಾಗುತ್ತದೆ. ಬೆಟ್ಟದ ಈಚೆಗಿರುವ ಅಬಿಸ್ಕೊಗೆ ವರ್ಷಕ್ಕೆ ಮಳೆ, ಹಿಮ ಎಲ್ಲ ಸೇರಿ 300ರಿಂದ 350 ಮಿ.ಮೀ. ಅಷ್ಟೇ. ಸ್ವೀಡನ್ನಿನಲ್ಲೇ ಅತಿ ಒಣ ಜಾಗಗಳಲ್ಲಿ ಇದೂ ಒಂದು. ಸುತ್ತಲೂ ಮೋಡ ಕವಿದಿದ್ದರೂ 70 ಕಿ.ಮೀ. ಉದ್ದದ ಕೆರೆಯ ಮೇಲೆ ಒಂದು ತುಂಡು ಆಕಾಶ ತೆರೆದಿರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಆ ತುಂಡು ಒಂದೇ ಕಡೆ ನಿಲ್ಲುವುದಿಲ್ಲ, ಸರಿಯುತ್ತಿರುತ್ತದೆ. ಅದಕ್ಕೂ ಕಾಯುವ ತಾಳ್ಮೆಯೇ ಬೇಕು.

ಫೋನಿನ ಆ್ಯಪ್‌ನಲ್ಲಿ "ಕೆಪಿ 2 ತೋರಿಸ್ತಿದೆ, ಇವತ್ತು ಬರೋದು ವೇಸ್ಟಾ?" ಅಂತ ಮೆಸೇಜು ಬರುತ್ತಿರುತ್ತದೆ. ದಯವಿಟ್ಟು ಆ ಅಂಕಿ ನೋಡಿ ಬೇಜಾರಾಗಬೇಡಿ. ಕೆಪಿ ಅನ್ನುವುದು ಇಡೀ ಭೂಮಿಗೆ ಮೂರು ಗಂಟೆಗೊಮ್ಮೆ ಕೊಡುವ ಒಂದು ಸರಾಸರಿ ಅಂಕಿ. ಬೆಳಕು ಎಷ್ಟು ದಕ್ಷಿಣದವರೆಗೆ ಕಾಣಬಹುದು ಅನ್ನುವುದಕ್ಕೆ ಅದು ಚೆನ್ನಾಗಿದೆ. ಅಬಿಸ್ಕೊ ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 200 ಕಿ.ಮೀ. ಉತ್ತರಕ್ಕಿದೆ. ಅರೋರಾ ಮೂಡುವ ಪಟ್ಟಿಯ ಅಡಿಯಲ್ಲೇ ಇದೆ ಅನ್ನಬಹುದು. ಇಲ್ಲಿ ಕೆಪಿ 1, 2 ಇದ್ದಾಗಲೂ ಒಳ್ಳೆಯ ಬೆಳಕು ಕಾಣುತ್ತದೆ. ನಮ್ಮ ಗೈಡುಗಳು ಸಂಜೆ ಮೊದಲು ನೋಡುವುದು ಮೋಡದ ನಕ್ಷೆ. ಆಮೇಲೆ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿರುವ ಉಪಗ್ರಹಗಳು ಕಳಿಸುವ ಸೌರಗಾಳಿಯ ಮಾಹಿತಿ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಇದೆ. ಅಲ್ಲಿ ದಾಟಿದ ಗಾಳಿ ನಮ್ಮನ್ನು ಮುಟ್ಟಲು ಒಂದು ಗಂಟೆಯ ಆಸುಪಾಸು ಬೇಕು. ಹಾಗಾಗಿ ನಂಬಬಹುದಾದ ಮುನ್ಸೂಚನೆ ಅಂದರೆ ಅಷ್ಟು ಹೊತ್ತಿನದ್ದೇ. ಮುಂದಿನ ಗುರುವಾರ ಕಾಣುತ್ತಾ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಹಾಗೆಯೇ, "2024ರಲ್ಲೇ ಸೂರ್ಯನ ಅಬ್ಬರ ಮುಗೀತಂತೆ, ಇನ್ನು ಬಂದು ಏನು ಪ್ರಯೋಜನ?" ಅನ್ನುವ ಪ್ರಶ್ನೆ. ಆ ವರ್ಷ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯ ವೀಕ್ಷಣಾಲಯದಿಂದಲೂ ಆಕಾಶ ಕೆಂಪಾಗಿದ್ದು ಕ್ಯಾಮೆರಾಕ್ಕೆ ಸಿಕ್ಕಿತ್ತು. ಅದನ್ನು ನಡೆಸುವುದು ಬೆಂಗಳೂರಿನ ಸಂಸ್ಥೆಯೇ ಆದ್ದರಿಂದ ನಿಮ್ಮಲ್ಲಿ ಹಲವರು ಆ ಫೋಟೋ ನೋಡಿರುತ್ತೀರಿ. ಆ ರಾತ್ರಿ ಅಬಿಸ್ಕೊದಲ್ಲಿ ಕತ್ತಲೇ ಇರಲಿಲ್ಲ, ಮೇ ತಿಂಗಳಲ್ಲಿ ಇಲ್ಲಿ ನಡುರಾತ್ರಿಯೂ ಬೆಳಕು! ಅಂಥ ದೊಡ್ಡ ಸೌರ ಬಿರುಗಾಳಿಗಳು ದಕ್ಷಿಣದವರಿಗೆ ಬೇಕು. ನಮಗೆ ಸಾಧಾರಣ ಸೌರಗಾಳಿ ಸಾಕು. ಸೂರ್ಯನ ಚಟುವಟಿಕೆ ಇಳಿಯುವ ವರ್ಷಗಳಲ್ಲಿ ಅದರ ಹೊರ ಆವರಣದಲ್ಲಿ ದೊಡ್ಡ ಕಿಂಡಿಗಳು ತೆರೆದುಕೊಂಡು ವೇಗದ ಗಾಳಿ ಹೊರಬರುತ್ತದೆ. ಸೂರ್ಯ ತಿರುಗಿದಂತೆ ಸುಮಾರು 27 ದಿನಕ್ಕೊಮ್ಮೆ ಅದೇ ಕಿಂಡಿ ಮತ್ತೆ ನಮ್ಮ ಕಡೆ ಮುಖ ಮಾಡುತ್ತದೆ. ಬರುವ ಚಳಿಗಾಲಗಳಿಗೆ ನಮಗೆ ಒಳ್ಳೆಯ ನಿರೀಕ್ಷೆ ಇದೆ. ತಿಂಗಳು ನಿಮ್ಮ ಕೈಯಲ್ಲೇ ಇದ್ದರೆ ಮಾರ್ಚ್ ಆರಿಸಿಕೊಳ್ಳಿ. ಹಗಲು ರಾತ್ರಿ ಸಮವಾಗುವ ದಿನಗಳ ಸುತ್ತಮುತ್ತ ಅರೋರಾ ಹೆಚ್ಚು. ಹಿಮವೂ ಆಗ ಚೆನ್ನಾಗಿ ಕೂತಿರುತ್ತದೆ. ಹಗಲು ಕೂಡ ಉದ್ದ.

ತಂಡ ಚಿಕ್ಕದು ಮಾಡಿದ್ದು ಚಳಿಯ ಕಾರಣಕ್ಕೆ. ಜನವರಿ, ಫೆಬ್ರವರಿ ರಾತ್ರಿಗಳಲ್ಲಿ ಮೈನಸ್ 10ರಿಂದ ಮೈನಸ್ 25 ಡಿಗ್ರಿ ಸಾಮಾನ್ಯ. ಎರಡು ಗಂಟೆಯ ನಡಿಗೆಗೆ ಹೇಗೋ ನಡೆಯುತ್ತದೆ. ನಾಲ್ಕೂವರೆ ಗಂಟೆಗೆ ಪ್ರತಿಯೊಬ್ಬರ ಮೇಲೂ ಕಣ್ಣಿರಬೇಕು. ಸ್ನೋಶೂ ಪಟ್ಟಿಯನ್ನೇ ನೋಡಿ. ಬೂಟಿನ ಮೇಲೆ ಎರಡು, ಹಿಮ್ಮಡಿಗೆ ಒಂದು. ಬಿಗಿ ಮಾಡಲು ದಪ್ಪ ಗ್ಲೌಸ್ ತೆಗೆಯಬೇಕು. ಬರಿಗೈಯಲ್ಲಿ ತಣ್ಣನೆಯ ಬಕಲ್ ಹಿಡಿದು ಎರಡು ನಿಮಿಷ ಒದ್ದಾಡಿದರೆ ಬೆರಳ ತುದಿ ಮರಗಟ್ಟುತ್ತದೆ. ಮತ್ತೆ ಬೆಚ್ಚಗಾಗಲು ಕಾಲು ಗಂಟೆ ಬೇಕು. ಎಂಟು ಜನರ ಪಟ್ಟಿಯನ್ನು ಗೈಡ್ ತಾವೇ ಬಾಗಿ ಕಟ್ಟಬಲ್ಲರು, ಹನ್ನೆರಡಾದರೆ ಮೊದಲು ಕಟ್ಟಿಸಿಕೊಂಡವರು ನಿಂತಲ್ಲೇ ಮರಗಟ್ಟುತ್ತಾರೆ. ಬರ್ಚ್ ಮರಗಳ ನಡುವೆ ಹಿಮ ಮೆತ್ತಗಿದ್ದು ಯಾರಾದರೂ ಸೊಂಟದವರೆಗೆ ಹೂತರೂ, ಒಬ್ಬರು ಸುಮ್ನೆ ಮಾತು ನಿಲ್ಲಿಸಿದರೂ, ಸಣ್ಣ ತಂಡದಲ್ಲಿ ಅದು ತಕ್ಷಣ ಗೊತ್ತಾಗುತ್ತದೆ.

ಕಾಯುವ ಜಾಗದಲ್ಲಿ, ಕೆರೆ ದಡದ ಹತ್ತಿರ, ಒಂದು ಲಾವ್ವು ಹಾಕಿರುತ್ತೇವೆ. ಇಲ್ಲಿನ ಸಾಮಿ ಜನರ ಶಂಕುವಿನಾಕಾರದ ಡೇರೆ ಅದು. ಒಳಗೆ ಕಟ್ಟಿಗೆ ಒಲೆ, ಕೂರಲು ಹಿಮಸಾರಂಗದ ಚರ್ಮ. ಚರ್ಮದ ಮೇಲೆ ಕೂರಲು ಇಷ್ಟವಿಲ್ಲದವರು ಮೊದಲೇ ಹೇಳಿ, ಉಣ್ಣೆಯ ಕಂಬಳಿ ಇದೆ. ಬಿಸಿ ಬಿಸಿ ಲಿಂಗನ್‌ಬೆರಿ ಪಾನಕ, ಬೇಳೆ ಸೂಪು, ಇಲ್ಲಿನ ತೆಳು ರೊಟ್ಟಿ ಕೊಡುತ್ತೇವೆ. ಎಲ್ಲವೂ ಸಸ್ಯಾಹಾರ, ಮೊಟ್ಟೆ ಇರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೇಡದವರಿಗೂ ವ್ಯವಸ್ಥೆ ಇದೆ. ಸರದಿಯ ಮೇಲೆ ಇಬ್ಬರು ಹೊರಗೆ ನಿಂತು ಆಕಾಶ ನೋಡುತ್ತಿರುತ್ತಾರೆ, ಕಮಾನು ಗಟ್ಟಿಯಾದರೆ ಕೂಗುತ್ತಾರೆ.

ಹೊರಗೆ ಬಿಳಿ ಟಾರ್ಚ್ ಬೇಡ. ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ನಾವೇ ಕೊಡುತ್ತೇವೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಬ್ಬರ ಫೋನಿನ ಪರದೆ ಹಿಮದ ಮೇಲೆ ಬೆಳಗಿದರೆ ಸಾಕು, ಸುತ್ತ ಇರುವ ಎಲ್ಲರ ಕಣ್ಣೂ ಮತ್ತೆ ಮೊದಲಿನಿಂದ ಶುರು. ಫೋಟೋ ತೆಗೆಯಬೇಡಿ ಅನ್ನುತ್ತಿಲ್ಲ, ಟ್ರೈಪಾಡ್ ಇಡಲು ಬೇರೆಯೇ ಜಾಗ ಗುರುತು ಮಾಡಿದ್ದೇವೆ. ಕ್ಯಾಮೆರಾಕ್ಕೆ ಕಾಣುವಷ್ಟು ಬಣ್ಣ ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಈಗಲೇ ತಿಳಿದಿರಿ. ಆದರೆ ಅದರ ಓಟ ಕಣ್ಣಿಗೆ ಮಾತ್ರ ಸಿಗುವುದು. ಜೋರಾದ ಮೊದಲ ಕೆಲವು ನಿಮಿಷ ಫೋನ್ ಜೇಬಲ್ಲೇ ಇರಲಿ ಅನ್ನುವುದು ನಮ್ಮ ಪ್ರೀತಿಯ ಒತ್ತಾಯ. ಹುಣ್ಣಿಮೆಗೆ ಹೆದರಬೇಡಿ. ತಿಂಗಳ ಬೆಳಕಲ್ಲಿ ಮಂಕು ಕಮಾನು ಕಾಣದೆ ಹೋಗಬಹುದು, ಆದರೆ ಜೋರಾದದ್ದು ಚೆನ್ನಾಗಿಯೇ ಕಾಣುತ್ತದೆ. ಲ್ಯಾಂಪೇ ಇಲ್ಲದೆ ನಡೆಯಬಹುದು, ಲಾಪೋರ್ಟೆನ್ ಕಣಿವೆಯ ಬಾಗು ಪೂರ್ತಿ ಕಾಣುತ್ತದೆ.

ಬಟ್ಟೆಯ ಬಗ್ಗೆ ಒಂದೇ ಮಾತು: ಹತ್ತಿ ಬೇಡ. ಜೀನ್ಸ್, ಹತ್ತಿ ಬನಿಯನ್, ಹತ್ತಿ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಇರುತ್ತವೆ. ನಡೆಯುವಾಗ ಬೆವರಿ, ಕಾಯುವಾಗ ನಡುಗುವುದೇ ಇಲ್ಲಿ ದೊಡ್ಡ ತೊಂದರೆ. ಮೈಗೆ ತಾಗುವ ಪದರ ಉಣ್ಣೆಯದ್ದಿರಲಿ. ಮೇಲಿನ ದಪ್ಪ ಸೂಟ್, ಬೂಟು ನಾವು ಕೊಡುತ್ತೇವೆ, ಅದು ದರದಲ್ಲೇ ಸೇರಿದೆ.

ಈ ಬದಲಾವಣೆಯಿಂದ ಕೆಲವರಿಗೆ ಅನುಕೂಲ ತಪ್ಪುತ್ತದೆ. 6ರ ನಡಿಗೆ ಪುಟ್ಟ ಮಕ್ಕಳಿಗೂ, ಅಪ್ಪ ಅಮ್ಮನನ್ನು ಕರೆತರುವವರಿಗೂ ಚೆನ್ನಾಗಿತ್ತು. ಹೊಸ ನಡಿಗೆಗೆ ಹತ್ತು ವರ್ಷದೊಳಗಿನ ಮಕ್ಕಳನ್ನು ಸೇರಿಸುವುದಿಲ್ಲ. ಅವರಿಗಾಗಿ ಹಗಲು 11ಕ್ಕೆ ಒಂದೂವರೆ ಗಂಟೆಯ ನಡಿಗೆ ಇದೆ, 600 ಕ್ರೋನಾ. ಹಿಮದ ಮೇಲೆ ಮೊಲದ ಹೆಜ್ಜೆ, ಮೂಸ್ ಹೆಜ್ಜೆ ಗುರುತು ಹಿಡಿಯುವುದು ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ರಾತ್ರಿ ಅರೋರಾ ನೋಡಲು ಅವರಿಗೆ ನಮ್ಮ ಜೊತೆ ನಡಿಗೆಯೇ ಬೇಕಂತಿಲ್ಲ. ಊರಿನ ದೀಪಗಳಿಂದ ಸ್ವಲ್ಪ ಆಚೆ, ನಿಮ್ಮ ಕೋಣೆಯಿಂದ ಐದು ನಿಮಿಷದಲ್ಲಿ ಹೋಗಿ ಬರುವಂಥ ಒಳ್ಳೆಯ ಜಾಗ ಎಲ್ಲಿದೆ ಅಂತ ನಾವೇ ತೋರಿಸುತ್ತೇವೆ. ಅದಕ್ಕೆ ದುಡ್ಡು ಬೇಡ.

ಗಾಳಿ ಸೆಕೆಂಡಿಗೆ 15 ಮೀಟರ್ ದಾಟಿದರೆ ನಡಿಗೆ ರದ್ದು, ಪೂರ್ತಿ ಹಣ ವಾಪಸ್. ಚಳಿ ಮೈನಸ್ 30 ದಾಟಿದರೂ ಹಾಗೇ. ಅರೋರಾ ಕಾಣಲಿಲ್ಲ ಅನ್ನುವ ಕಾರಣಕ್ಕೆ ಹಣ ವಾಪಸ್ ಇರುವುದಿಲ್ಲ, ಈ ನಿಯಮ ಮೊದಲಿನದ್ದೇ. ಕನಿಷ್ಠ ಮೂರು ರಾತ್ರಿ ಅಬಿಸ್ಕೊದಲ್ಲಿ ಉಳಿಯಿರಿ, ನಡಿಗೆಯನ್ನು ಮೊದಲ ರಾತ್ರಿಗೇ ಇಟ್ಟುಕೊಳ್ಳಿ. ರದ್ದಾದರೆ ಇನ್ನೆರಡು ರಾತ್ರಿ ಕೈಯಲ್ಲಿರುತ್ತವೆ.

ಈಗಾಗಲೇ ಹಣ ಕಟ್ಟಿರುವವರಿಗೆ ಹಳೆಯ ದರವೇ, ಹೆಚ್ಚುವರಿ ಏನೂ ಕೊಡಬೇಕಿಲ್ಲ. ನಿಮ್ಮನ್ನು ಅದೇ ದಿನದ ಹೊಸ ನಡಿಗೆಗೆ ಸೇರಿಸಿದ್ದೇವೆ. ರಾತ್ರಿ 12.30ರವರೆಗೆ ಆಗುವುದಿಲ್ಲ ಅನ್ನುವವರು ಹಗಲಿನ ನಡಿಗೆಗೆ ಬದಲಾಯಿಸಿಕೊಳ್ಳಬಹುದು, ಉಳಿದ ಹಣ ಹಿಂದಿರುಗಿಸುತ್ತೇವೆ. ಪೂರ್ತಿ ಹಣ ವಾಪಸ್ ಬೇಕಿದ್ದರೂ ಸಂಕೋಚವಿಲ್ಲದೆ ಕೇಳಿ. ನವೆಂಬರ್ 15ರೊಳಗೆ ಈ ಪತ್ರಕ್ಕೆ ಉತ್ತರಿಸಿ ತಿಳಿಸಿದರೆ ಸಾಕು. ಉತ್ತರದಲ್ಲಿ ಪ್ರತಿಯೊಬ್ಬರ ಎತ್ತರ ಮತ್ತು ಬೂಟಿನ ಯುರೋಪಿಯನ್ ಅಳತೆ ಬರೆಯಿರಿ. ದಪ್ಪ ಸಾಕ್ಸ್ ಹಾಕಲು ಜಾಗ ಬೇಕಾದ್ದರಿಂದ ನಾವೇ ಒಂದು ಅಳತೆ ದೊಡ್ಡ ಬೂಟು ತೆಗೆದಿಡುತ್ತೇವೆ, ನೀವು ನಿಮ್ಮ ಸರಿಯಾದ ಅಳತೆಯನ್ನೇ ಕೊಡಿ.

ಇಂತಿ,
ಅಬಿಸ್ಕೊದ ನಿಮ್ಮ ಗೈಡುಗಳ ಸಹಕಾರಿ ತಂಡ