ಗುಜರಿಗೆ ಹಾಕುವ ಮೊದಲು ಹಳೆಯ ವಿಂಡೋಸ್ ನೆನಪಿರಲಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಮುಂಬಯಿಯ ನಮ್ಮ ಸಂಘ ಸಂಸ್ಥೆಗಳ ಕಚೇರಿಗಳಲ್ಲಿ ಹಳೆಯ ಕಂಪ್ಯೂಟರುಗಳನ್ನೆಲ್ಲ ಒಟ್ಟಿಗೇ ಗುಜರಿಗೆ ಹಾಕುವ ಮಾತು ಕೇಳಿಬರುತ್ತಿದೆ. ಘಾಟ್ಕೋಪರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ) ಕೆಲಸ ಮಾಡಿಕೊಂಡು ಬಂದಿರುವ ನಾನು, ಹಳೆಯ ವಿಂಡೋಸನ್ನು ಹೊಸದರ ಜೊತೆಗೇ ಇನ್ನಷ್ಟು ಕಾಲ ಇಟ್ಟುಕೊಳ್ಳುವುದು ಏಕೆ ಅಗತ್ಯ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಲು ಬಯಸುತ್ತೇನೆ.

ಮದುವೆ ಕಾಗದದಿಂದ ಹಿಡಿದು ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯವರೆಗೆ ಅಂದು ನಾವು ಮಾಡಿದ್ದೆಲ್ಲ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ, ಅದೂ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಇಂದಿನ ಪದ್ಧತಿ) ಅಲ್ಲದ ಫಾಂಟುಗಳಲ್ಲಿ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳನ್ನು ತುಂಡುತುಂಡಾಗಿ ಕೂರಿಸಿ ಮಾಡಿದ ಫಾಂಟುಗಳು ಅವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ‘ನುಡಿ’ ಕನ್ನಡ ತಂತ್ರಾಂಶದ ಕಡತವೊಂದನ್ನು ತೆರೆದರೆ ‘ಕನ್ನಡ’ ಎಂಬ ಪದವೇ ಒಂದು ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಅದರ ಪಕ್ಕದಲ್ಲಿ ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಕಾಣಿಸುತ್ತದೆ. ಇಂಥ ಪಠ್ಯವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಈಗ ಇವೆಯಾದರೂ, ಮೊದಲು ಪುಟ ತೆರೆದು ಪಠ್ಯವನ್ನು ಹೊರತೆಗೆಯಬೇಕಲ್ಲ? 2001ರಲ್ಲಿ ಬಂದ 7.0 ಆವೃತ್ತಿಯೇ ಪೇಜ್‌ಮೇಕರಿನ ಕೊನೆಯದು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಸಿಎಸ್6ರವರೆಗೆ ಆ ಕಡತಗಳನ್ನು ತೆರೆಯುತ್ತಿತ್ತು, ಅನಂತರದ ಆವೃತ್ತಿಗಳು ತೆರೆಯುವುದಿಲ್ಲ. ಆದ್ದರಿಂದ ನನ್ನ ಅಂಗಡಿಯಲ್ಲಿ, ಪೇಜ್‌ಮೇಕರ್ ಓಡಿಸಲೆಂದು, ಹಳೆಯ ವಿಂಡೋಸ್ ಎಕ್ಸ್‌ಪಿ ಇನ್ನೂ ಉಸಿರಾಡುತ್ತಿದೆ.

ಎರಡು ವಿಂಡೋಸುಗಳನ್ನು ಒಂದೇ ಕಂಪ್ಯೂಟರಿನಲ್ಲಿ ಇಡುವವರು ಹಳೆಯದನ್ನು ಮೊದಲು ಹಾಕಿ, ಹೊಸದನ್ನು ಬೇರೆ ಪಾರ್ಟಿಷನ್ನಿನಲ್ಲಿ, ಅಂದರೆ ಡಿಸ್ಕಿನ ಬೇರೆ ಭಾಗದಲ್ಲಿ, ಆಮೇಲೆ ಹಾಕಬೇಕು. ಹೊಸದಕ್ಕೆ ಹಳೆಯದರ ಪರಿಚಯವಿರುತ್ತದೆ, ಹಳೆಯದಕ್ಕೆ ಹೊಸದರ ಪರಿಚಯವಿರುವುದಿಲ್ಲ. ಇದನ್ನು ನಾನು ಕಲಿತದ್ದು ಕೈಸುಟ್ಟುಕೊಂಡೇ. ವಿಂಡೋಸ್ 7 ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರಿಗೆ ಗಣೇಶೋತ್ಸವದ ಹಿಂದಿನ ವಾರ, ಕೈತುಂಬ ಕೆಲಸವಿರುವಾಗ, ಎಕ್ಸ್‌ಪಿಯನ್ನು ಸೇರಿಸಿದೆ. ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಎಕ್ಸ್‌ಪಿ ಮಾತ್ರ ಬಂತು, ವಿಂಡೋಸ್ 7ರ ಸುಳಿವಿಲ್ಲ. ಕಡತಗಳೆಲ್ಲ ಹೋದವೆಂದು ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಓಡುವವನಿದ್ದೆ. ಆದರೆ ಹೋದದ್ದು ಕಡತಗಳಲ್ಲ, ಕಂಪ್ಯೂಟರ್ ಶುರುವಾಗುವಾಗ ದಾರಿ ತೋರಿಸುವ ಪುಟ್ಟ ಬೂಟ್ ಭಾಗವನ್ನು ಎಕ್ಸ್‌ಪಿ ತನ್ನದನ್ನಾಗಿ ಬರೆದುಕೊಂಡಿತ್ತು, ಅಷ್ಟೇ. ವಿಂಡೋಸ್ 7ರ ಡಿವಿಡಿ ಹಾಕಿ, ರಿಪೇರಿ ವಿಭಾಗದಲ್ಲಿ ಬೂಟ್ ಸೆಕ್ಟರನ್ನು ಮತ್ತೆ ಬರೆಸಿ, ಎಕ್ಸ್‌ಪಿಯ ಹೆಸರನ್ನು ಪಟ್ಟಿಗೆ ಸೇರಿಸಿದ ಮೇಲೆ, ಆನ್ ಮಾಡಿದಾಗ ಎರಡರಲ್ಲಿ ಯಾವುದು ಬೇಕೆಂದು 30 ಸೆಕೆಂಡು ಕಾದು ಕೇಳುವ ಕಪ್ಪು ಪರದೆ ಬಂತು. ಅಷ್ಟರಲ್ಲಿ ಸಂಜೆಯಾಗಿತ್ತು.

ವಿಂಡೋಸ್ 7 ಮತ್ತು 10 ಎರಡನ್ನೂ ಇಟ್ಟುಕೊಂಡಿರುವವರು ಹತ್ತರಲ್ಲಿರುವ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವನ್ನು ನಿಲ್ಲಿಸಿಬಿಡಬೇಕು. ಅದು ಚಾಲ್ತಿಯಲ್ಲಿದ್ದರೆ, ಶಟ್‌ಡೌನ್ ಮಾಡಿದಾಗಲೂ ವ್ಯವಸ್ಥೆ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಇನ್ನೊಂದು ವಿಂಡೋಸ್ ಅದೇ ಡ್ರೈವಿನ ಮೇಲೆ ಬರೆದರೆ ಕಡತಗಳು ಕೆಡುವ ಅಪಾಯವಿದೆ.

ವಿಂಡೋಸ್ 11 ಇರುವ ಹೊಸ ಕಂಪ್ಯೂಟರಿನಲ್ಲಿ ಮಾತ್ರ ಎಕ್ಸ್‌ಪಿಯನ್ನು ಹೀಗೆ ಪಕ್ಕದಲ್ಲಿ ಕೂರಿಸುವ ಪ್ರಯತ್ನವೇ ಬೇಡ. ಹೊಸದರ ಡಿಸ್ಕ್ ವಿಭಜನೆಯ ಕ್ರಮವೇ ಬೇರೆಯಾದ್ದರಿಂದ ಸಾಮಾನ್ಯ 32 ಬಿಟ್ ಎಕ್ಸ್‌ಪಿ ಅದರಿಂದ ಶುರುವಾಗುವುದಿಲ್ಲ. ಅಲ್ಲಿ ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದ ಮೂಲಕ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಮಾಡಿ ಅದರಲ್ಲಿ ಎಕ್ಸ್‌ಪಿ ಹಾಕಿಕೊಳ್ಳುವುದೇ ಸರಿ. ಅದಕ್ಕೆ 512 ಎಂಬಿ ಮೆಮೊರಿ ಕೊಟ್ಟರೆ ಪೇಜ್‌ಮೇಕರ್ ಆರಾಮವಾಗಿ ಓಡುತ್ತದೆ. ಹಳೆಯ ಸಿ.ಡಿ.ಗಳಲ್ಲಿರುವುದನ್ನು ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂಬಯಿಯ ಮಳೆಗಾಲದಲ್ಲಿ ಅವಕ್ಕೆ ಬೂಸು ಹಿಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಕ್ಸ್‌ಪಿಯನ್ನು ಯಾವ ರೀತಿಯಲ್ಲಿ ಇಟ್ಟುಕೊಂಡರೂ ಅದಕ್ಕೆ ಇಂಟರ್‌ನೆಟ್ ಕೊಡಲೇಬಾರದು. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. 2017ರ ಮೇ ತಿಂಗಳಲ್ಲಿ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶದ ದಾಳಿಯಾದಾಗ ಕಂಪನಿ ನಿಯಮ ಮೀರಿ ಎಕ್ಸ್‌ಪಿಗೂ ಭದ್ರತಾ ತೇಪೆ ಕೊಟ್ಟಿದ್ದು ನಿಜ, ಆದರೆ ಅದನ್ನು ನಂಬಿ ಹಳೆಯ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರಿಗೆ ನನ್ನ ಈ ಪತ್ರ ಸಮರ್ಥನೆಯಾಗದಿರಲಿ. ಕಡತಗಳನ್ನು ತೆರೆದು, ಪಠ್ಯವನ್ನು ಯೂನಿಕೋಡಿಗೆ ತಂದು, ಪುಟಗಳನ್ನು ಪಿಡಿಎಫ್ ಮಾಡಿಟ್ಟುಕೊಳ್ಳುವಷ್ಟಕ್ಕೆ ಮಾತ್ರ ಅದು ಬೇಕು.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಗುಜರಿಯವರಿಗೆ ಕೊಡುವ ಮೊದಲು ಸಿಪಿಯು ಡಬ್ಬವನ್ನು ತಿರುಗಿಸಿ ಹಿಂಬದಿ ನೋಡಿರಿ. ಹಳೆಯ ಪ್ರಿಂಟರ್ ಪೋರ್ಟಿಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪ್ಲಾಸ್ಟಿಕ್ ತುಂಡೊಂದು ಸಿಕ್ಕಿಸಿದ್ದರೆ ಅದು ಬಹುಶಃ ಕನ್ನಡ ತಂತ್ರಾಂಶದ ಲಾಕ್. ಅದಿಲ್ಲದೆ ಆ ತಂತ್ರಾಂಶ ತೆರೆಯುವುದಿಲ್ಲ, ಇಂದಿನ ಕಂಪ್ಯೂಟರುಗಳಲ್ಲಿ ಅದನ್ನು ಸಿಕ್ಕಿಸಲು ಜಾಗವೂ ಇರುವುದಿಲ್ಲ. ಅಂಥ ಯಂತ್ರವನ್ನು, ಲಾಕ್ ಸಮೇತ, ಸದ್ಯಕ್ಕೆ ಇದ್ದ ಹಾಗೆಯೇ ಇಟ್ಟುಕೊಳ್ಳಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಡಿಟಿಪಿ ಕೆಲಸಗಾರ
ಘಾಟ್ಕೋಪರ್, ಮುಂಬಯಿ