ಗುಲಾಬಿ ಅಲ್ಲ, ಸೂರ್ಯ ಮತ್ತು ನಕ್ಷತ್ರ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಗುಲಾಬಿ ಕದನಗಳ (15ನೇ ಶತಮಾನದಲ್ಲಿ ಯಾರ್ಕ್, ಲ್ಯಾಂಕಾಸ್ಟರ್ ಮನೆತನಗಳು ಗದ್ದುಗೆಗಾಗಿ ನಡೆಸಿದ ಯುದ್ಧಗಳ) ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾರ್ಕ್ ಕಡೆಯ ಸೈನಿಕರು ಬಿಳಿ ಗುಲಾಬಿ, ಲ್ಯಾಂಕಾಸ್ಟರ್ ಕಡೆಯವರು ಕೆಂಪು ಗುಲಾಬಿ ತೊಟ್ಟು ಹೊಡೆದಾಡಿದರು ಅಂತ ಅದರಲ್ಲಿತ್ತು. ಹಾಗೆ ಎರಡೇ ಗುರುತು ಇದ್ದಿದ್ದರೆ ಬಾರ್ನೆಟ್ ಕದನದಲ್ಲಿ ತಮ್ಮವರ ಮೇಲೆ ತಮ್ಮವರೇ ಬಾಣ ಬಿಟ್ಟ ಗೊಂದಲ ಆಗುತ್ತಲೇ ಇರಲಿಲ್ಲ.

ಸೈನಿಕರು ತೊಡುತ್ತಿದ್ದದ್ದು ತಮ್ಮ ತಮ್ಮ ಒಡೆಯನ ಗುರುತು. ವಾರಿಕ್‌ನ ಅರ್ಲ್‌ನದು (ಅರ್ಲ್ ಅಂದರೆ ದೊಡ್ಡ ಪ್ರಭು) ಕರಡಿ ಮತ್ತು ಗಂಟುಗಂಟಾದ ದೊಣ್ಣೆ. ಮೂರನೇ ರಿಚರ್ಡ್‌ನದು ಬಿಳಿ ಹಂದಿ. ನಾಲ್ಕನೇ ಎಡ್ವರ್ಡ್‌ನದು ಕಿರಣ ಬಿಡುವ ಸೂರ್ಯ. ಬಿಳಿ ಗುಲಾಬಿ ಯಾರ್ಕ್ ಮನೆತನದ ಹಲವು ಗುರುತುಗಳಲ್ಲಿ ಒಂದು, ನಿಜ. ಕೆಂಪು ಗುಲಾಬಿಯನ್ನು ಎಲ್ಲ ಕಡೆ ಮೆರೆಸಿದವನು ಮಾತ್ರ 1485ರಲ್ಲಿ ಗೆದ್ದು ಗದ್ದುಗೆ ಏರಿದ ಹೆನ್ರಿ ಟ್ಯೂಡರ್. ಗೆದ್ದವನು ಬಿಡಿಸಿದ ಚಿತ್ರವನ್ನೇ ನಾವು ಇವತ್ತಿಗೂ ನೋಡುತ್ತಿದ್ದೇವೆ.

ಇನ್ನು ಬಾರ್ನೆಟ್ ವಿಷಯ. ಲೇಖನದಲ್ಲಿ ಅದಕ್ಕೆ ಒಂದೇ ಸಾಲು ಸಿಕ್ಕಿದೆ, ಅದಕ್ಕೇ ಈ ಪತ್ರ. 1461ರಲ್ಲಿ ಯಾರ್ಕ್ ಮನೆತನದ ಎಡ್ವರ್ಡ್‌ಗೆ ಕಿರೀಟ ಸಿಗಲು ದುಡಿದವನು ವಾರಿಕ್. 1470ರಲ್ಲಿ ಅದೇ ಎಡ್ವರ್ಡ್‌ನನ್ನು ದೇಶ ಬಿಟ್ಟು ಓಡಿಸಿ, ಲ್ಯಾಂಕಾಸ್ಟರ್ ಮನೆತನದ ಹಳೇ ರಾಜ ಆರನೇ ಹೆನ್ರಿಯನ್ನು ಸೆರೆಯಿಂದ ತಂದು ಮತ್ತೆ ಕೂರಿಸಿದವನೂ ಇದೇ ವಾರಿಕ್. (ಚುನಾವಣೆ ಬಂತೆಂದರೆ ನಿಮ್ಮ ಪತ್ರಿಕೆಯೂ ಧಾರಾಳವಾಗಿ ಬಳಸುವ 'ಕಿಂಗ್‌ಮೇಕರ್' ಅನ್ನುವ ಬಿರುದು ಇತಿಹಾಸದಲ್ಲಿ ಅಂಟಿಕೊಂಡಿರುವುದು ಈತನಿಗೇ.) ಮರುವರ್ಷ ಎಡ್ವರ್ಡ್ ಸೈನ್ಯ ಕಟ್ಟಿಕೊಂಡು ವಾಪಸ್ ಬಂದ. 1471ರ ಏಪ್ರಿಲ್ 14, ಈಸ್ಟರ್ ಭಾನುವಾರ, ಲಂಡನ್ನಿನ ಉತ್ತರಕ್ಕೆ ಬಾರ್ನೆಟ್ ಬಳಿ ಇಬ್ಬರೂ ಎದುರಾದರು.

ಬೆಳಗಿನ ಜಾವ. ದಟ್ಟ ಮಂಜು. ರಾತ್ರಿ ಕತ್ತಲಲ್ಲೇ ಸಾಲುಗಟ್ಟಿದ್ದರಿಂದ ಎರಡೂ ಸೈನ್ಯ ನೇರಕ್ಕೆ ನೇರ ನಿಂತಿರಲಿಲ್ಲ. ವಾರಿಕ್‌ನ ಬಲಗಡೆ ಇದ್ದ ಆಕ್ಸ್‌ಫರ್ಡ್‌ನ ಅರ್ಲ್ ಎದುರಿನವರನ್ನು ಹೊಡೆದೋಡಿಸಿದ. ಅವನ ಜನ ಅಟ್ಟಿಸಿಕೊಂಡು ಹೋದವರು ಊರೊಳಗೆ ನುಗ್ಗಿ ಲೂಟಿಗೆ ಇಳಿದರು. ಸಿಕ್ಕವರನ್ನು ಒಟ್ಟು ಮಾಡಿಕೊಂಡು ಅವನು ಮರಳುವ ಹೊತ್ತಿಗೆ ಯುದ್ಧದ ಸಾಲೇ ತಿರುಗಿಬಿಟ್ಟಿತ್ತು. ಅವನಿಗೆ ಎದುರಾದವರು ತನ್ನದೇ ಕಡೆಯ ಪ್ರಭು ಮಾಂಟೆಗ್ಯೂನ ಜನ.

ಆಕ್ಸ್‌ಫರ್ಡ್‌ನ ಗುರುತು ಕಿರಣವಿರುವ ನಕ್ಷತ್ರ. ಮಂಜಿನಲ್ಲಿ ಅದು ಎಡ್ವರ್ಡ್‌ನ ಸೂರ್ಯನ ಹಾಗೆ ಕಂಡಿತು ಅಂತ ಆ ಕಾಲದ ಒಂದು ಬರಹ ಹೇಳುತ್ತದೆ. ಮಾಂಟೆಗ್ಯೂ ಜನರಿಂದ ಬಾಣಗಳು ಹಾರಿದವು. ಆಕ್ಸ್‌ಫರ್ಡ್ ಜನ 'ದ್ರೋಹ, ದ್ರೋಹ' ಅಂತ ಕೂಗುತ್ತಾ ಓಡಿದರು. ಮಾಂಟೆಗ್ಯೂ ಸತ್ತ. ಕುದುರೆ ಕಡೆ ಓಡುತ್ತಿದ್ದ ವಾರಿಕ್‌ನನ್ನೂ ಹಿಡಿದು ಕೊಂದರು. ಇಬ್ಬರೂ ಅಣ್ಣ ತಮ್ಮ. ಆಕ್ಸ್‌ಫರ್ಡ್ ಇವರ ತಂಗಿಯ ಗಂಡ.

ಹಗ್ಗ ಹಾವಾಗಿ ಕಾಣಬೇಕಾದರೆ ಮನಸ್ಸಲ್ಲಿ ಮೊದಲೇ ಹಾವಿರಬೇಕು, ಅಲ್ವಾ? ಅವರ ಮನಸ್ಸಲ್ಲಿ ಬೇಕಾದಷ್ಟಿತ್ತು. 1459ರಲ್ಲಿ ಲಡ್‌ಫರ್ಡ್‌ನಲ್ಲಿ ಆಂಡ್ರ್ಯೂ ಟ್ರೊಲೋಪ್ ರಾತ್ರೋರಾತ್ರಿ ತನ್ನ ಕ್ಯಾಲೆ (ಫ್ರಾನ್ಸ್ ತೀರದಲ್ಲಿ ಆಗ ಇಂಗ್ಲಿಷರ ಕೈಯಲ್ಲಿದ್ದ ಬಂದರು) ಸೈನಿಕರ ಜತೆ ಯಾರ್ಕ್ ಕಡೆ ಬಿಟ್ಟು ರಾಜನ ಕಡೆ ಸೇರಿದ್ದ. ಮರುವರ್ಷ ನಾರ್ತಾಂಪ್ಟನ್‌ನಲ್ಲಿ ರಾಜನ ಕಡೆಯ ಗ್ರೇ ಪ್ರಭುವಿನ ಜನ ಶತ್ರುಗಳಿಗೆ ಕೈ ಚಾಚಿ ತಡೆಗೋಡೆ ಹತ್ತಿಸಿಕೊಂಡಿದ್ದರು. ವಾರಿಕ್‌ನ ಸ್ವಂತ ಅಳಿಯ ಕ್ಲಾರೆನ್ಸ್ ಮಾವನನ್ನು ಬಿಟ್ಟು ಅಣ್ಣ ಎಡ್ವರ್ಡ್ ಜತೆ ಸೇರಿ ಎರಡು ವಾರವೂ ಆಗಿರಲಿಲ್ಲ. ಮಾಂಟೆಗ್ಯೂ ಕೂಡ ಹಿಂದಿನ ವರ್ಷ ನಾರ್ತಂಬರ್ಲೆಂಡ್ ಅರ್ಲ್ ಪದವಿ ಕಳೆದುಕೊಂಡು, ಆ ಸಿಟ್ಟಿಗೆ ಎಡ್ವರ್ಡ್‌ಗೆ ತಿರುಗಿ ಬಿದ್ದವನೇ. ಇವನು ಮತ್ತೆ ತಿರುಗಿದ ಅಂದರೆ ಯಾರು ತಾನೇ ನಂಬುವುದಿಲ್ಲ?

ಲೇಖನ ಆ ಕಾಲದ ಪ್ರಭುಗಳನ್ನೆಲ್ಲ ಸ್ಟ್ಯಾನ್ಲಿ ಜತೆ ಒಂದೇ ತಕ್ಕಡಿಗೆ ಹಾಕಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಥಾಮಸ್ ಸ್ಟ್ಯಾನ್ಲಿಯದು ಅಡ್ಡಗೋಡೆ ಮೇಲೆ ದೀಪ ಇಟ್ಟ ಜಾಯಮಾನ. 1459ರಲ್ಲಿ ಬ್ಲೋರ್ ಹೀತ್ ಯುದ್ಧ ನಡೆಯುವಾಗ ಸೈನ್ಯ ಇಟ್ಟುಕೊಂಡು ಸುಮ್ನೆ ದೂರ ನಿಂತಿದ್ದ. 1485ರಲ್ಲಿ ಮೂರನೇ ರಿಚರ್ಡ್‌ನನ್ನು ಹೆನ್ರಿ ಟ್ಯೂಡರ್ ಸೋಲಿಸಿದ ಬಾಸ್ವರ್ತ್ ಕದನದಲ್ಲೂ ನಿಂತೇ ಇದ್ದ. ಕೊನೆಗೆ ರಿಚರ್ಡ್ ಮೇಲೆ ನುಗ್ಗಿದ್ದು ಅವನ ತಮ್ಮ ವಿಲಿಯಂ. ಡರ್ಬಿ ಅರ್ಲ್ ಪದವಿ ಸಿಕ್ಕಿದ್ದು ಅಣ್ಣನಿಗೆ. ತಮ್ಮನ ತಲೆಯನ್ನು ಅದೇ ಹೆನ್ರಿ ಟ್ಯೂಡರ್ 1495ರಲ್ಲಿ ತೆಗೆಸಿದ.

ಆಕ್ಸ್‌ಫರ್ಡ್ ಕಥೆ ಬೇರೆ. ಅವನ ಅಪ್ಪ ಮತ್ತು ಅಣ್ಣನ ತಲೆ 1462ರಲ್ಲೇ ಎಡ್ವರ್ಡ್ ಆಳ್ವಿಕೆಯಲ್ಲಿ ಉರುಳಿತ್ತು. ಬಾರ್ನೆಟ್‌ನಿಂದ ತಪ್ಪಿಸಿಕೊಂಡವನು ಆಮೇಲೆ ಸಿಕ್ಕಿಬಿದ್ದು, ಕ್ಯಾಲೆ ಹತ್ತಿರದ ಕೋಟೆಯಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ. ಆದರೂ ರಾಜಿ ಆಗಲಿಲ್ಲ. 1484ರಲ್ಲಿ ಹೊರಬಂದು, ಬಾಸ್ವರ್ತ್‌ನಲ್ಲಿ ಹೆನ್ರಿಯ ಮುಂಚೂಣಿ ಪಡೆ ನಡೆಸಿದವನು ಅವನೇ. ಲೇಖನದಲ್ಲಿ ಅವನ ಹೆಸರೇ ಇಲ್ಲ.

ಈ ಲೇಖನ ಮುಂದುವರಿಯುತ್ತದೆ ಅಂತ ಕೊನೆಯಲ್ಲಿ ಇತ್ತು. ಮುಂದಿನ ಕಂತಿಗೆ ಚಿತ್ರ ಹಾಕುವಾಗ ದಯವಿಟ್ಟು ಗುಲಾಬಿ ಬಿಟ್ಟು ಒಂದು ಸೂರ್ಯ, ಒಂದು ನಕ್ಷತ್ರ ಹಾಕಿ. ಸ್ವಲ್ಪ ಮಸುಕಾಗಿದ್ದರೂ ಅಡ್ಡಿಯಿಲ್ಲ.

– ನಿವೃತ್ತ ಇತಿಹಾಸ ಮೇಷ್ಟ್ರು, ಶಿವಮೊಗ್ಗ